ಅಭಯದಾನವೆಂಬ ವ್ರತ



ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವು ನಾಲ್ಕು ವಿಧವಾಗಿದೆಯೆಂಬುದು ನಮ್ಮ ಮನೆಗಳ ಮಕ್ಕಳಿಗೂ ತಿಳಿದ ವಿಷಯ. ಮೊದಲಿನ ಮೂರನ್ನು ನಾವು ಕೈಯಾರೆ ಎತ್ತಿ ಕೊಡಬಹುದು. ಆದರೆ ಅಭಯವನ್ನು ಎಲ್ಲಿಂದ ಎತ್ತಿ ಕೊಡುವುದು? 'ಹೆದರಬೇಡ' ಎಂದು ನುಡಿದ ಮಾತ್ರಕ್ಕೆ ಎದುರಿನ ಜೀವದ ಭಯವು ಹೋಗುವುದಿಲ್ಲ. ಅದು ತಾನಾಗಿಯೇ ಭಯವನ್ನು ಬಿಡುವವರೆಗೆ ಕೊಡುವವನು ಕಾದಿರಬೇಕು. ಕಾಯುವಾಗ ತನ್ನ ಆತುರವನ್ನೂ ಕೋಪವನ್ನೂ 'ನಾನು ಉಪಕಾರಿ' ಎಂಬ ಅಹಂಕಾರವನ್ನೂ ತೊರೆದಿರಬೇಕು. ಆದುದರಿಂದ ಅಭಯದಾನವು ದಾನವೂ ಹೌದು, ವ್ರತವೂ ಹೌದು. ಗ್ರಂಥಗಳಲ್ಲಿ ಓದಿ ಇತರರಿಗೂ ಹೇಳುತ್ತಿದ್ದ ಈ ಮಾತನ್ನು ನನಗೆ ನಿಜವಾಗಿ ಮನಗಾಣಿಸಿದ್ದು ಒಂದು ಪುಟ್ಟ ನಾಯಿ.

ಕೆಲವು ವರ್ಷಗಳ ಹಿಂದೆ ಕ್ಷಮಾವಣಿಯ ದಿನ ಪರಿಚಯದ ಒಂದು ಮನೆಗೆ ಹೋಗಿದ್ದೆ. ಆ ಮನೆಯ ವೃದ್ಧ ಶ್ರಾವಿಕೆಯು ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ಹತ್ತು ದಿನಗಳ ದಶಲಕ್ಷಣ ವ್ರತವನ್ನು ಏಕಭುಕ್ತ ಉಪವಾಸಗಳಿಂದ ನಿಷ್ಠೆಯಾಗಿ ಪೂರೈಸಿದ್ದರು. ಪರಸ್ಪರ ಕ್ಷಮಾಯಾಚನೆಯಾದ ಮೇಲೆ ನಾನು ಅವರ ವ್ರತವನ್ನು ಕೊಂಡಾಡಿದೆ. ಅವರು ಮಾತ್ರ ತಲೆ ತಗ್ಗಿಸಿ, ಒಳಕೋಣೆಯ ಮಂಚದ ಕಡೆ ಕೈದೋರಿ ಹೇಳಿದರು: "ಪಂಡಿತರೇ, ನಿನ್ನೆಯಿಂದ ಎಲ್ಲ ಜೀವರಲ್ಲೂ ಕ್ಷಮೆ ಬೇಡುತ್ತಿದ್ದೇನೆ. ಆದರೆ ಆ ಮಂಚದ ಕೆಳಗೆ ಒಂದು ಜೀವವಿದೆ. ಅದು ನನ್ನನ್ನು ಕ್ಷಮಿಸಿಲ್ಲ."

ಬಗ್ಗಿ ನೋಡಿದೆ. ಗೋಡೆಗೆ ಒತ್ತಿಕೊಂಡು ಕೂದಲಿನ ಒಂದು ಮುದ್ದೆ ನಡುಗುತ್ತಿತ್ತು. ಅದು ಟಿಬೆಟ್ ಮೂಲದ ಲ್ಹಾಸಾ ತಳಿಯ ನಾಯಿ. ಮೊಮ್ಮಗನು ಆಸೆಪಟ್ಟು ತಂದಿದ್ದ. ಉದ್ಯೋಗ ದೊರೆತು ದೂರದ ಊರಿಗೆ ಹೋಗುವಾಗ ಬಿಟ್ಟುಹೋದ. ಬೀದಿನಾಯಿಗಳ ಗಿಡ್ಡ ಕೂದಲು ಕಾಲಕಾಲಕ್ಕೆ ಉದುರಿ ತಾನೇ ಹೊಸದಾಗುತ್ತದೆ. ಈ ತಳಿಯ ಕೂದಲು ಹಾಗಲ್ಲ. ಮನುಷ್ಯರ ತಲೆಗೂದಲಿನಂತೆ ಉದ್ದವಾಗಿ ಬೆಳೆಯುತ್ತಲೇ ಇರುತ್ತದೆ. ಉದುರಿದ ಎಳೆಗಳೂ ಕೆಳಕ್ಕೆ ಬೀಳದೆ ಉಳಿದ ಕೂದಲಿನಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಬಾಚಣಿಗೆ ಹಿಡಿಯುವ ಕೈಯೊಂದು ಇಲ್ಲದಿದ್ದರೆ ಕೆಲವೇ ವಾರಗಳಲ್ಲಿ ಗಂಟು ಬೀಳುತ್ತದೆ, ಕೆಲವು ತಿಂಗಳುಗಳಲ್ಲಿ ಕಂಬಳಿಯಂತೆ ಜಡೆಗಟ್ಟುತ್ತದೆ. ಮನುಷ್ಯನು ತನ್ನ ಕಣ್ಣಿನ ಸಂತೋಷಕ್ಕಾಗಿ ಇಂತಹ ತಳಿಯನ್ನು ಬೆಳೆಸಿದ್ದಾನೆ. ಆದುದರಿಂದ ಆ ಕೂದಲಿನ ಋಣವೂ ಮನುಷ್ಯನದೇ.

"ಒಂದು ದಿನ ಮನೆಯವರು ನಾಲ್ಕು ಜನ ಸೇರಿ ಒತ್ತಿಹಿಡಿದು ಕತ್ತರಿ ಹಾಕಿದರು. ಗಂಟಿನ ಜೊತೆಗೆ ಚರ್ಮವೂ ಹೋಯಿತು. ರಕ್ತ ಬಂತು. ಅಂದಿನಿಂದ ಯಾರ ಕೈಗೂ ಬಾರದು. ನಾನು ಮಡಿಯಲ್ಲಿದ್ದೇನೆ ಎಂದು ಹತ್ತು ದಿನ ಆ ಕಡೆ ನೋಡಲೂ ಇಲ್ಲ. ಅದು ರಾತ್ರಿಯೆಲ್ಲ ನರಳುವುದು ಕೇಳುತ್ತಿತ್ತು. ನನ್ನ ವ್ರತ ಫಲಿಸಿತೇ, ಪಂಡಿತರೇ?" ಎಂದು ಅವರು ಕೇಳಿದರು.

ಈ ಪ್ರಶ್ನೆಗೆ ಉತ್ತರವನ್ನು ಮಹಾಶಾಸ್ತ್ರವಾದ ತತ್ತ್ವಾರ್ಥಸೂತ್ರದಲ್ಲಿಯೇ ಹುಡುಕೋಣ. ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನನೀರನ್ನು ತಡೆಯುವುದು. ಜಡೆಗಟ್ಟಿದ ಆ ನಾಯಿಯ ಸ್ಥಿತಿಯನ್ನು ಈ ಸೂತ್ರದ ಬೆಳಕಿನಲ್ಲಿ ನೋಡಿರಿ. ಚರ್ಮಕ್ಕೆ ಅಂಟಿ ಬಿಗಿದ ಗಂಟು ಒಂದು ಬಂಧವೇ. ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಕಿವಿಯ ಹಿಂದೆ, ಕೊರಳಪಟ್ಟಿಯ ಅಡಿಯಲ್ಲಿ ಗಂಟುಗಳು ಸೇರಿದಾಗ ಪ್ರತಿ ಹೆಜ್ಜೆಗೂ ಚರ್ಮವು ಎಳೆಯಲ್ಪಡುತ್ತದೆ. ತೇವವು ಒಳಗೇ ನಿಂತು ಚರ್ಮ ಕೊಳೆಯುತ್ತದೆ. ತೇವ, ಕೊಳೆಗಳನ್ನು ಹೀರಿದ ಕೂದಲು ಅತಿಭಾರವೂ ಆಗುತ್ತದೆ. ನಾಯಿಯು ಸಂಜ್ಞಿ ಪಂಚೇಂದ್ರಿಯ ಜೀವ, ಹತ್ತು ಪ್ರಾಣಗಳುಳ್ಳದ್ದು. ಕಣ್ಣಿನ ಮೇಲೆ ಕೂದಲು ಮುಚ್ಚಿದರೆ ಚಕ್ಷುರಿಂದ್ರಿಯಕ್ಕೂ, ಕಿವಿಯಲ್ಲಿ ಗಂಟು ಕಟ್ಟಿದರೆ ಶ್ರೋತ್ರೇಂದ್ರಿಯಕ್ಕೂ ಬಾಧೆಯಾಗುತ್ತದೆ. ಪ್ರಾಣಕ್ಕೆ ಬಾಧೆಯೆಂದರೆ ಕೊಲ್ಲುವುದೊಂದೇ ಅಲ್ಲವಷ್ಟೆ.

ಇಲ್ಲಿ ಒಂದು ಶಂಕೆ ಏಳಬಹುದು. ಗಂಟನ್ನು ತೆಗೆಯಹೋದರೂ ಹಿಡಿದು ಕಟ್ಟಬೇಕು, ಕತ್ತರಿಸಬೇಕು. ಅದೂ ಬಂಧ-ಛೇದಗಳೇ ಅಲ್ಲವೇ? ಸಮಾಧಾನವಿದು: ಪ್ರಮಾದದ ಯೋಗದಿಂದ ಆಗುವ ಪ್ರಾಣಪೀಡೆಯೇ ಹಿಂಸೆಯೆಂದು ಆಚಾರ್ಯರ ನಿರ್ಣಯ. ರೋಗಿಯ ಹುಣ್ಣನ್ನು ಕೊಯ್ಯುವ ವೈದ್ಯನ ಶಸ್ತ್ರವೂ ಕಳ್ಳನ ಶಸ್ತ್ರವೂ ಒಂದೇ ಲೋಹದವಾದರೂ ಫಲವು ಒಂದೇ ಅಲ್ಲ. ಆದರೆ ಇಷ್ಟಕ್ಕೇ ತೃಪ್ತರಾಗಬಾರದು. ನಾಲ್ವರು ಸೇರಿ ಕತ್ತರಿ ಹಾಕಿದವರ ಉದ್ದೇಶವೂ ಒಳ್ಳೆಯದೇ ಆಗಿತ್ತು. ಕೊರತೆಯಾದದ್ದು ಉದ್ದೇಶದಲ್ಲಲ್ಲ, ಯತ್ನಾಚಾರದಲ್ಲಿ. ಸದುದ್ದೇಶದ ಅಜಾಗರೂಕತೆಯೂ ಪ್ರಮಾದವೇ.

ನಮ್ಮ ಮುನಿಗಳು ಎರಡು, ಮೂರು, ಹೆಚ್ಚೆಂದರೆ ನಾಲ್ಕು ತಿಂಗಳಿಗೊಮ್ಮೆ ಉಪವಾಸವಿದ್ದು ಕೇಶಲೋಚ ಮಾಡುತ್ತಾರೆ. ಅದನ್ನು ಕಂಡು ನಾವು ಕೈಮುಗಿಯುತ್ತೇವೆ. ಅಲ್ಲಿ ಕೀಳುವ ಕೈಯೂ ತನ್ನದು, ಸಹಿಸುವ ದೇಹವೂ ತನ್ನದು, ಸಂಕಲ್ಪವೂ ತನ್ನದು. ಆದುದರಿಂದ ಅದು ತಪಸ್ಸು. ಒಲ್ಲದ ಜೀವದ ಕೂದಲನ್ನು ಎಳೆದರೆ ಅದೇ ಕ್ರಿಯೆ ಹಿಂಸೆಯಾಗುತ್ತದೆ. ನೋವನ್ನು ತಾನು ಸಹಿಸುವವನು ತಪಸ್ವಿ. ಇತರರ ಮೇಲೆ ಹೊರಿಸಿ 'ಸಹಿಸಿಕೊ' ಎನ್ನುವವನು ತಪಸ್ವಿಯಲ್ಲ.

ಹಾಗಾದರೆ ಯತ್ನಾಚಾರವೆಂದರೇನು? ಮುನಿಗಳಿಗೆ ಹೇಳಿದ ಐದು ಸಮಿತಿಗಳನ್ನು ಶ್ರಾವಕನು ಯಥಾಶಕ್ತಿ ಈ ಕಾರ್ಯದಲ್ಲಿ ಅನ್ವಯಿಸಿಕೊಳ್ಳಬಹುದು.

ಮೊದಲನೆಯದು ಈರ್ಯೆ. ಹೆದರಿದ ನಾಯಿಯ ಬಳಿಗೆ ನೇರವಾಗಿ ನುಗ್ಗಬಾರದು. ಪಕ್ಕಕ್ಕೆ ತಿರುಗಿ, ನೆಲದ ಮೇಲೆ ಕುಳಿತು, ಕಣ್ಣಿನಲ್ಲಿ ಕಣ್ಣಿಟ್ಟು ನೋಡದೆ, ಅದೇ ಹತ್ತಿರ ಬರುವಂತೆ ಬಿಡಬೇಕು. ಮೇಲಿನಿಂದ ತಲೆಯ ಮೇಲೆ ಕೈ ಚಾಚಬಾರದು.

ಎರಡನೆಯದು ಭಾಷೆ. ನಮ್ಮ ಧ್ವನಿ ತಗ್ಗಿರಬೇಕು; ಅದರ ಭಾಷೆಯನ್ನೂ ತಿಳಿಯಬೇಕು. ತುಟಿ ನೆಕ್ಕುವುದು, ಹಸಿವು ನಿದ್ರೆಗಳಿಲ್ಲದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಬಾಲವನ್ನು ಒಳಗೆ ಸೇರಿಸುವುದು, ಮರದಂತೆ ಸ್ತಬ್ಧವಾಗುವುದು, ಇವೆಲ್ಲ 'ಸಾಕು' ಎಂಬ ಬೇಡಿಕೆಗಳು. ಸ್ತಬ್ಧವಾದುದನ್ನು ಒಪ್ಪಿಗೆಯೆಂದು ತಿಳಿದು ಅನೇಕರು ಮೋಸಹೋಗುತ್ತಾರೆ. ಗುರುಗುಟ್ಟಿದರೆ ಹೊಡೆಯಬಾರದು, ಅದು ಕಚ್ಚುವ ಮುನ್ನ ಕೊಡುವ ಪ್ರಾಮಾಣಿಕ ಎಚ್ಚರಿಕೆ. ಹೊಡೆದರೆ ಭಯವು ಹೋಗದು, ಎಚ್ಚರಿಕೆ ಮಾತ್ರ ಹೋಗುತ್ತದೆ. ಒಂದು ವೇಳೆ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ಮೂರನೆಯದು ಏಷಣೆ. ಚಪಾತಿಯ ಚೂರನ್ನು ಮೊದಲು ದೂರದಲ್ಲಿ ಇಟ್ಟು, ದಿನಕ್ಕಿಷ್ಟು ಹತ್ತಿರ ತಂದು, ಕೊನೆಗೆ ಅಂಗೈಯಲ್ಲಿ ಕೊಡಬೇಕು. ಸ್ಪರ್ಶವಾದೊಡನೆ ಆಹಾರ, ಬಾಚಣಿಗೆ ಕಂಡೊಡನೆ ಆಹಾರ ಎಂಬಂತಾದರೆ ಭಯದ ಸ್ಥಾನದಲ್ಲಿ ವಿಶ್ವಾಸವು ನೆಲೆಸುತ್ತದೆ. ಪಳಗಿಸುವುದಕ್ಕಾಗಿ ಹಸಿವಿನಲ್ಲಿಡುವುದು ಸಲ್ಲದು, ಅದು ಅನ್ನಪಾನನಿರೋಧ.

ನಾಲ್ಕನೆಯದು ಆದಾನನಿಕ್ಷೇಪಣ, ಉಪಕರಣಗಳನ್ನು ಎತ್ತಿ ಇಡುವ ಎಚ್ಚರ. ಗಂಟು ಬಿಡಿಸುವ ಮೊದಲು ಸ್ನಾನ ಮಾಡಿಸಬಾರದು; ನೀರು ತಗಲಿದ ಗಂಟು ಇನ್ನೂ ಬಿಗಿಯುತ್ತದೆ. ಚಿಕ್ಕ ಗಂಟಾದರೆ ಚರ್ಮದ ಬಳಿ ಕೂದಲಿನ ಬುಡವನ್ನು ಎರಡು ಬೆರಳುಗಳಿಂದ ಹಿಡಿದು, ಎಳೆತವು ಚರ್ಮಕ್ಕೆ ತಾಗದಂತೆ, ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು. ಐದು ನಿಮಿಷ ಸಾಕು. ಅದು ಬೇಸರಪಡುವ ಮೊದಲೇ ನಾವು ನಿಲ್ಲಿಸಬೇಕು. ದೊಡ್ಡ ಗಂಟಿಗೆ ಕತ್ತರಿ ಹಾಕಲೇಬಾರದು. ತೆಳುವಾದ ಚರ್ಮವು ಗಂಟಿನೊಳಗೆ ಮೇಲೆದ್ದು ಬಂದಿರುತ್ತದೆ. ಕೂದಲೆಂದು ತಿಳಿದು ಚರ್ಮವನ್ನೇ ಕತ್ತರಿಸಿಬಿಡುತ್ತೇವೆ. ಮೈಯೆಲ್ಲ ಜಡೆಗಟ್ಟಿದ್ದರೆ, ದುರ್ಗಂಧ ಬರುತ್ತಿದ್ದರೆ, ಕೀವು ಸೋರುತ್ತಿದ್ದರೆ, ನಡೆಯಲಾರದಿದ್ದರೆ ವಿಶ್ವಾಸ ಮೂಡಲೆಂದು ಕಾಯದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅವರು ಮತ್ತು ಬರಿಸಿ, ನೋವು ತಿಳಿಯದಂತೆ ಯಂತ್ರದಿಂದ ಕೂದಲನ್ನು ತೆಗೆಯುತ್ತಾರೆ. ಮನುಷ್ಯರ ನಿದ್ರೆಯ ಮಾತ್ರೆಗಳನ್ನು ಮನೆಯಲ್ಲಿ ಕೊಡುವುದು ಅಪಾಯ.

ಐದನೆಯದು ಉತ್ಸರ್ಗ. ತೆಗೆದ ಕೂದಲನ್ನು ಕಂಡಲ್ಲಿ ಎಸೆಯದೆ, ಜೀವಗಳಿಗೆ ಬಾಧೆಯಾಗದ ಸ್ಥಳವನ್ನು ನೋಡಿ ವಿಸರ್ಜಿಸಬೇಕು, ಬೆಂಕಿಗೆ ಹಾಕಬಾರದು. ಉಣ್ಣಿ, ಚಿಗಟಗಳೂ ತ್ರಸಜೀವಗಳೇ. ಅವು ತುಂಬಿದ ಮೇಲೆ ಗೃಹಸ್ಥನು ಧರ್ಮಸಂಕಟಕ್ಕೆ ಸಿಲುಕುತ್ತಾನೆ. ನಾಯಿಯನ್ನು ಕಾಯಹೋದರೆ ಅವುಗಳಿಗೆ ಬಾಧೆ, ಅವುಗಳನ್ನು ಬಿಟ್ಟರೆ ನಾಯಿಗೆ ರೋಗ. ಪ್ರತಿದಿನ ಬಾಚಿ ಶುಚಿಯಾಗಿಟ್ಟರೆ ಅವು ಬೇರೂರುವ ಸಂದರ್ಭ ಬಹುಮಟ್ಟಿಗೆ ತಪ್ಪುತ್ತದೆ. ಒಂದು ದಿನದ ಪ್ರಮಾದವು ಎಷ್ಟು ಜೀವಗಳ ಹಿಂಸೆಗೆ ದಾರಿ ಮಾಡುತ್ತದೆಂಬುದನ್ನು ಇಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು.

ವಿನೋದಕ್ಕಾಗಿ ಹಿಂಸ್ರ ಪ್ರಾಣಿಗಳನ್ನು ಸಾಕುವುದು ಶ್ರಾವಕನಿಗೆ ಉಚಿತವಲ್ಲವೆಂದು ಕೆಲವರು ಆಕ್ಷೇಪಿಸುವರು. ನಿಜ, ಕೊಂಡು ತರುವ ಮೊದಲು ಈ ಮಾತನ್ನು ನೆನೆಯಬೇಕು. ಆದರೆ ಬಂದು ಸೇರಿದ ಮೇಲೆ ಅದು ವಿನೋದದ ವಸ್ತುವಲ್ಲ, ಆಶ್ರಿತ ಜೀವ. ಇನ್ನು ಮಡಿಯ ವಿಷಯ. ಶುಚಿಯಾಗಿ ಪೂಜೆಗೆ ಹೋಗಬೇಕೆಂಬುದು ಸರಿಯೇ. ಸೇವೆಯನ್ನು ಮುಗಿಸಿ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬಸದಿಗೆ ಹೋಗಲು ಅಡ್ಡಿಯೇನು? ದಶಧರ್ಮಗಳಲ್ಲಿ ಹೇಳಿದ ಉತ್ತಮ ಶೌಚವು ಲೋಭವನ್ನು ತೊಳೆಯುವುದೇ ಹೊರತು ದುಃಖಿತ ಜೀವದಿಂದ ದೂರ ಸರಿಯುವುದಲ್ಲ.

ಜೀವಂಧರ ಕುಮಾರನ ಕಥೆ ನಮಗೆಲ್ಲ ಚಿರಪರಿಚಿತ. ಕನ್ನಡದಲ್ಲಿಯೂ ಭಾಸ್ಕರ ಕವಿಯು 1424ರಲ್ಲಿ ಅದನ್ನು ಕಾವ್ಯವಾಗಿ ರಚಿಸಿದನು. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ಸಹಾಯಕವಾಯಿತು. ನಾವು ಮಂತ್ರದ ಮಹಿಮೆಯನ್ನು ಮಾತ್ರ ನೆನೆಯುತ್ತೇವೆ. ಕಿವಿಯಲ್ಲಿ ಮಂತ್ರ ಹೇಳಬೇಕಾದರೆ ನಾಯಿಯ ಪಕ್ಕದಲ್ಲಿ, ಅದರ ಮುಖದ ಬಳಿಗೆ ಬಾಗಲೇಬೇಕಷ್ಟೆ. ಆ ಬಾಗುವಿಕೆಯನ್ನು ಮರೆಯುತ್ತೇವೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. "ಅಮ್ಮ, ಮಾಡಿದ ವ್ರತವು ವ್ಯರ್ಥವಲ್ಲ. ಹತ್ತು ದಿನಗಳ ಉಪವಾಸವೇ ಇಂದು ನಿಮಗೆ ಆ ನರಳಿಕೆಯನ್ನು ಕೇಳಿಸುತ್ತಿದೆ. ಆದರೆ ಪಾರಣೆ ಇನ್ನೂ ಆಗಿಲ್ಲವೆಂದು ತಿಳಿಯಿರಿ" ಎಂದೆ. ಅದೇ ದಿನ ಪಶುವೈದ್ಯರನ್ನು ಮನೆಗೆ ಕರೆಸಿದೆವು. ಅವರು ಮತ್ತು ಕೊಟ್ಟು ಕೂದಲು ತೆಗೆದಾಗ ಅದು ಕಂಬಳಿಯ ತುಂಡಿನಂತೆ ಒಂದೇ ಹಾಳೆಯಾಗಿ ಬಂದಿತು. ಒಳಗೆ ಕೆಂಪಾದ ಚರ್ಮ, ಕಿವಿಯ ಹಿಂದೆ ಹುಣ್ಣು, ಕೊರಳಪಟ್ಟಿ ಒತ್ತಿದ ಗಾಯ. ನಾವು ತಿಳಿದುದಕ್ಕಿಂತ ನಾಯಿ ಅರ್ಧದಷ್ಟಿತ್ತು. ಅಂದಿನ ರಾತ್ರಿ ಅದು ಕಾಲು ಚಾಚಿ ಮಲಗಿತೆಂದು ಮರುದಿನ ಹೇಳುವಾಗ ಆ ತಾಯಿಯ ಕಣ್ಣು ತುಂಬಿತ್ತು.

ಮೈಯ ಗಂಟು ಒಂದು ಗಂಟೆಯಲ್ಲಿ ಹೋಯಿತು. ಮನಸ್ಸಿನ ಗಂಟು ಹೋಗಲು ತಿಂಗಳುಗಳೇ ಬೇಕಾದವು. ಆ ತಾಯಿ ಪ್ರತಿದಿನ ಸೂರ್ಯಾಸ್ತಕ್ಕೆ ಮೊದಲು ತಮ್ಮ ಊಟವನ್ನು ಮುಗಿಸಿ, ಒಂದು ಘಳಿಗೆ ಕಾಲ ಮಂಚದ ಪಕ್ಕದಲ್ಲಿ ಕುಳಿತು ಮೆಲ್ಲನೆ ಣಮೋಕಾರ ಮಂತ್ರವನ್ನು ಜಪಿಸುತ್ತಿದ್ದರು. ಕೈ ಚಾಚುತ್ತಿರಲಿಲ್ಲ. ಚಪಾತಿಯ ಚೂರನ್ನು ಇಟ್ಟು ಸುಮ್ಮನಿರುತ್ತಿದ್ದರು. ಹಲವು ದಿನಗಳ ಮೇಲೆ ಅದು ಅವರ ಸೀರೆಯ ಅಂಚಿಗೆ ಮೂಗು ತಾಗಿಸಿತು. ಮುಂದಿನ ಅಷ್ಟಾಹ್ನಿಕದ ವೇಳೆಗೆ ಬೆನ್ನಿನ ಮೇಲೆ ಬಾಚಣಿಗೆ ಆಡಿಸಲು ಬಿಟ್ಟಿತು. ಕತ್ತರಿಯ ಸದ್ದು ಕೇಳಿದರೆ ಇಂದಿಗೂ ಮಂಚದ ಕೆಳಗೆ ಓಡುತ್ತದಂತೆ. ಅದಕ್ಕಾಗಿ ಅವರು ನೊಂದುಕೊಳ್ಳುವುದಿಲ್ಲ. "ಅದು ಮರೆಯಬೇಕೆಂಬುದು ನನ್ನ ಆಸೆ, ನಾನು ಮರೆಯಬಾರದೆಂಬುದು ನನ್ನ ವ್ರತ" ಎನ್ನುತ್ತಾರೆ.

ಉಪವಾಸವೆಂಬ ಪದದ ಅರ್ಥವೇ ಸಮೀಪದಲ್ಲಿ ವಾಸಿಸುವುದು. ಇಂದ್ರಿಯವಿಷಯಗಳನ್ನು ಬಿಟ್ಟು ಆತ್ಮದ ಸಮೀಪದಲ್ಲಿರುವುದು ಅದರ ಪರಮಾರ್ಥ. ಬೇಡುವುದೇನೂ ಇಲ್ಲದೆ, ಅವಸರವಿಲ್ಲದೆ, ಹೆದರಿದ ಒಂದು ಜೀವದ ಸಮೀಪದಲ್ಲಿ ಕುಳಿತವನು ತನ್ನ ಆತ್ಮದಿಂದ ದೂರವಿರಲಾರನು. ಆದುದರಿಂದ ವ್ರತಧಾರಿಗಳಾದ ತಾವೆಲ್ಲರೂ ಬರುವ ಅಷ್ಟಮಿ-ಚತುರ್ದಶಿಗಳಂದು ಉಪವಾಸ, ಏಕಭುಕ್ತಗಳೊಡನೆ ಒಂದು ಚಿಕ್ಕ ನಿಯಮವನ್ನೂ ಸ್ವೀಕರಿಸಿರಿ: ನಮ್ಮ ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಬಾಗಿಲಿನಲ್ಲಿ ನಮ್ಮನ್ನು ಕಂಡು ಹೆದರುವ ಜೀವ ಯಾವುದೆಂದು ನೋಡುವುದು, ಒಂದು ಘಳಿಗೆ ಅದರ ಹಿತಕ್ಕಾಗಿ ಕೊಡುವುದು. ಕ್ಷಮಾವಣಿಯ ದಿನ ಬಾಯಿಂದ ಬೇಡುವ ಕ್ಷಮೆಯನ್ನು ವರ್ಷದ ಉಳಿದ ದಿನಗಳಲ್ಲಿ ಕೈಯಿಂದ ಬೇಡೋಣ.

ಸಕಲ ಜೀವಿಗಳಿಗೂ ಅಭಯವಾಗಲಿ. ಜಯ ಜಿನೇಂದ್ರ.