ಗುಜರಿಯ ಋಣ

ಹಳೆಯ ವಸ್ತುಗಳ ಬಿಡಿಭಾಗಗಳಿಂದ ಹೊಸದೊಂದನ್ನು ಕಟ್ಟುವವನು ಆ ಹಳೆಯದಕ್ಕೆ ಏನಾದರೂ ಬಾಕಿ ಉಳಿಸಿಕೊಳ್ಳುತ್ತಾನೆಯೇ? ಕಿಲೋ ಲೆಕ್ಕದಲ್ಲಿ ತೂಗಿ, ದುಡ್ಡು ಕೊಟ್ಟು ತಂದ ಮೇಲೆ ಲೆಕ್ಕ ಚುಕ್ತಾ ಎನ್ನುವುದು ಸಂತೆಯ ಉತ್ತರ. ಗುಜರಿ ಸಾಮಾನಿನಿಂದ ಫಿಲ್ಮ್ ಕ್ಯಾಮೆರಾ ಕಟ್ಟುವ ಹುಚ್ಚು ಹತ್ತಿದ ಮೇಲೆ ನನಗೆ ಈ ಉತ್ತರ ಸಾಲದೆನಿಸಿದೆ.

ಕ್ಯಾಮೆರಾ ಎಂದರೆ ಮೂಲದಲ್ಲಿ ಬೆಳಕು ನುಗ್ಗದ ಒಂದು ಡಬ್ಬಿ. ಒಂದು ಬದಿಗೆ ಫಿಲ್ಮ್, ಎದುರು ಬದಿಗೆ ಒಂದು ತೂತು. ಎರಡರ ನಡುವೆ ಐವತ್ತು ಮಿಲಿಮೀಟರ್ ಅಂತರವಿದ್ದರೆ ತೂತು ಸುಮಾರು 0.3 ಮಿಲಿಮೀಟರ್ ಇರಬೇಕು. ನಮ್ಮ ಕಡೆಯ ಸುಡುಬಿಸಿಲಿನಲ್ಲಿ 100 ಐಎಸ್‌ಒ ಫಿಲ್ಮಿಗೆ ಒಂದು ಸೆಕೆಂಡಿನ ಆಸುಪಾಸು ಬೆಳಕು ತಾಗಿದರೆ ಚಿತ್ರ ಮೂಡುತ್ತದೆ. ಹೊಲಿಗೆಯ ಸೂಜಿ, ತಂಪು ಪಾನೀಯದ ಡಬ್ಬಿಯ ತಗಡು, ಕಪ್ಪು ಪಟ್ಟಿ ಇದ್ದರೆ ಕೆಲಸ ಮುಗಿಯಿತು. ಇಲ್ಲಿ ಯಾರ ಋಣವೂ ಇಲ್ಲ. ಪ್ರಶ್ನೆ ಹುಟ್ಟುವುದು ತೂತಿನ ಜಾಗಕ್ಕೆ ಮಸೂರ ಬೇಕೆನಿಸಿದಾಗ.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಯಾವ ಹಳೆಯ ಮನೆಯ ಗೂಡಿನಲ್ಲಿ ಹುಡುಕಿದರೂ ಒಂದು ದಪ್ಪ ಗಾಜಿನ ಚಾಳೀಸು ಸಿಕ್ಕೀತು. ಕಣ್ಣೊಳಗೆ ಕೃತಕ ಮಸೂರ ಕೂರಿಸುವ ಪದ್ಧತಿ ಹಳ್ಳಿಗಳವರೆಗೆ ಬರುವ ಮೊದಲು, ಪೊರೆಯ ಆಪರೇಷನ್ ಎಂದರೆ ಮಬ್ಬಾದ ಮಸೂರವನ್ನು ತೆಗೆದುಹಾಕುವುದಷ್ಟೇ. ಅದರ ಕೆಲಸವನ್ನು ಮುಂದೆ ಹೊರಗಿನ ಗಾಜು ಮಾಡಬೇಕಿತ್ತು. ಆ ಗಾಜಿನ ನಂಬರು ಸಾಮಾನ್ಯವಾಗಿ ಪ್ಲಸ್ ಹತ್ತರ ಆಸುಪಾಸು. ಪ್ಲಸ್ ಹತ್ತು ಎಂದರೆ ಸಂಗಮದೂರ ಹತ್ತು ಸೆಂಟಿಮೀಟರ್. 120 ಫಿಲ್ಮಿನ ಮೇಲೆ ಆರು–ಒಂಬತ್ತು ಸೆಂಟಿಮೀಟರ್ ಅಳತೆಯ ಚಿತ್ರಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಗಾಜಿನ ತಗ್ಗು ಬದಿಯನ್ನು ದೃಶ್ಯದ ಕಡೆ ತಿರುಗಿಸಿ, ಮುಂದೆ ಆರು ಮಿಲಿಮೀಟರ್ ತೂತಿನ ವಾಷರ್ ಇಟ್ಟರೆ ಅಂಚಿನ ಮಸುಕು ಬಹಳಷ್ಟು ಇಳಿಯುತ್ತದೆ.

ಒಬ್ಬ ಮುದುಕಿಯ ಕಣ್ಣಿನಿಂದ ಮಸೂರ ಹೋಯಿತು. ಅದಕ್ಕೆ ಬದಲಾಗಿ ಬಂದ ಗಾಜಿನ ಮೂಲಕ ಆಕೆ ಹದಿನೈದು ವರ್ಷ ರೊಟ್ಟಿ ಬಡಿದಳು, ಮೊಮ್ಮಕ್ಕಳ ಮುಖ ನೋಡಿದಳು. ಈಗ ಅದೇ ಗಾಜು ನನ್ನ ಡಬ್ಬಿಯ ಕಣ್ಣು. ಆಕೆಯ ಮನೆಯವರು ಪ್ರೀತಿಯಿಂದಲೇ ಕೊಟ್ಟರು. ಆದರೂ ಅದನ್ನು ಬರೀ ‘ಪ್ಲಸ್ ಹತ್ತು’ ಎಂದು ಕರೆಯುವಾಗ ಏನೋ ಬಿಟ್ಟುಹೋದಂತಾಗುತ್ತದೆ.

ತತ್ವಶಾಸ್ತ್ರದವರು ಇಲ್ಲಿ ಥೀಸಿಯಸ್‌ನ ಹಡಗನ್ನು ನೆನಪಿಸುತ್ತಾರೆ. ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಹಡಗು ಅದೇ ಹಡಗೇ ಎಂಬುದು ಪ್ಲುಟಾರ್ಕ್ ಬರೆದಿಟ್ಟ ಒಗಟು. ಹದಿನೇಳನೆಯ ಶತಮಾನದಲ್ಲಿ ಹಾಬ್ಸ್ ಅದಕ್ಕೊಂದು ತಿರುವು ಕೊಟ್ಟ: ಕಿತ್ತ ಹಳೆಯ ಹಲಗೆಗಳನ್ನೆಲ್ಲ ಯಾರೋ ಕೂಡಿಟ್ಟು ಮತ್ತೊಂದು ಹಡಗು ಜೋಡಿಸಿದರೆ, ನಿಜವಾದ ಹಡಗು ಯಾವುದು? ಜಾಣ ಪ್ರಶ್ನೆಯೇ. ಆದರೆ ಅದು ‘ಇದು ಯಾವುದು’ ಎಂದು ಕೇಳುತ್ತದೆಯೇ ಹೊರತು ‘ಇದಕ್ಕೆ ನಾನೇನು ಕೊಡಬೇಕು’ ಎಂದಲ್ಲ. ಹಲಗೆ ಕೂಡಿಟ್ಟವನನ್ನು ಕಳ್ಳ ಎನ್ನಬೇಕೋ, ಕಾಪಾಡಿದವ ಎನ್ನಬೇಕೋ ಎಂಬ ಮಾತೇ ಅಲ್ಲಿ ಬರುವುದಿಲ್ಲ.

ಆ ಮಾತು ನಮ್ಮ ಜಿಲ್ಲೆಯಲ್ಲಿ ಬಂದಿದೆ. ಹಿಂದೆ ಬಸವನ ಬಾಗೇವಾಡಿ ತಾಲೂಕಿಗೇ ಸೇರಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಮುಂದೆ ಕೃಷ್ಣೆಯ ಹಿನ್ನೀರು ಏರಿದಾಗ ದಂಡೆಯ ಊರುಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಹೋಗುವಾಗ ಎಷ್ಟೋ ಮಂದಿ ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಹೊತ್ತೊಯ್ದರು. ಸರ್ಕಾರದ ಕಡತದಲ್ಲಿ ಆ ಮನೆಯ ಕಥೆ ಮುಗಿದಿತ್ತು. ಬಾಗಿಲು ಕಿತ್ತವರ ಮಟ್ಟಿಗೆ ಮುಗಿದಿರಲಿಲ್ಲ. ಅಳತೆಗೆ ಹೊಂದದ ಹಳೆಯ ತೇಗದ ಬಾಗಿಲನ್ನು ಹೊಸ ಸಿಮೆಂಟ್ ಗೋಡೆಗೆ ಕೂರಿಸುವುದು ಉಳಿತಾಯದ ಲೆಕ್ಕವೂ ಹೌದು, ಅದಕ್ಕಿಂತ ಹೆಚ್ಚಿನದೂ ಹೌದು. ಒಂದು ವಸ್ತು ಗುಜರಿಯಾಯಿತು ಎಂದು ತೀರ್ಮಾನಿಸುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಅವರು ಕೈಯಾರೆ ಕೊಟ್ಟ ಉತ್ತರ ಅದು. ಜಲಾಶಯದ ಮಟ್ಟವನ್ನು ಈಗಿನ 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಇನ್ನೂ ಇರುವುದರಿಂದ, ಈ ಪ್ರಶ್ನೆ ಹಳೆಯದಾಗಿಲ್ಲ.

ಇದರಿಂದ ಕ್ಯಾಮೆರಾ ಕಟ್ಟುವವನಿಗೆ ಮೊದಲನೆಯ ನಿಯಮ ಸಿಗುತ್ತದೆ: ಕೆಲಸ ಮಾಡುವುದನ್ನು ಬಿಚ್ಚಬಾರದು. ಆಕ್ಷೇಪಣೆ ಸುಲಭ. ಮೂವತ್ತು ವರ್ಷ ಕಪಾಟಿನಲ್ಲಿ ಕುಳಿತ ಕ್ಯಾಮೆರಾ ಯಾವ ಅರ್ಥದಲ್ಲಿ ಕೆಲಸ ಮಾಡುತ್ತಿದೆ? ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿತು, ‘ಇಂದು’ ಫಿಲ್ಮು ಹೋಯಿತು. ಬಳಸುವವರಿಲ್ಲದ ಯಂತ್ರದಿಂದ ನಾಲ್ಕು ತಿರುಪು ತೆಗೆದರೆ ಯಾರಿಗೆ ನಷ್ಟ? ಈ ವಾದದಲ್ಲಿ ಹುರುಳಿದೆ. ಆದರೆ ಬಳಕೆ ನಿಂತಿರುವುದು ಬೇರೆ, ಬಳಸಲು ಬಾರದಂತಾಗುವುದು ಬೇರೆ. ಮೊದಲನೆಯದನ್ನು ನಾಳೆ ಯಾರಾದರೂ ಸರಿಪಡಿಸಬಹುದು. ಎರಡನೆಯದನ್ನು ಮಾಡುವವನು ನಾನು. ಹಾಗಾಗಿ ಮಾರ್ಪಾಡು ಮಾಡಿದರೂ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು. ಕೊರೆಯುವ ಬದಲು ಕಟ್ಟಬೇಕು, ಅಂಟಿಸುವ ಬದಲು ತಿರುಪು ಹಾಕಬೇಕು.

ಬಿಚ್ಚುವುದೆಲ್ಲ ಕೊಲೆಯಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಕೇರಳದ ಆಲಪ್ಪುಳದಲ್ಲಿದೆ. ಹಾರ್ಮೋನಿಯಂ ರಿಪೇರಿಯ ಮನೆತನದ ಕೆ. ಕರುಣಾಕರನ್ ಅವರ ಬಳಿಗೆ 1940ರ ದಶಕದಲ್ಲಿ ಸ್ಟುಡಿಯೊ ಕ್ಯಾಮೆರಾದ ಹರಿದ ತಿದಿಯೊಂದು ದುರಸ್ತಿಗೆ ಬಂತು. ಪೇಟಿಯ ತಿದಿ ಹೊಲಿದು ಗೊತ್ತಿದ್ದ ಕೈ ಇದನ್ನೂ ಹೊಲಿಯಿತು. ಆಮೇಲೆ ಇಡೀ ಕ್ಯಾಮೆರಾವನ್ನೇ ಕಟ್ಟಿತು. ‘ವಾಗೀಶ್ವರಿ’ ಎಂಬ ಹೆಸರಿನ ಆ ಮರದ ಕ್ಯಾಮೆರಾಗಳು ದೇಶದ ಎಷ್ಟೋ ಸ್ಟುಡಿಯೊಗಳಿಗೆ ಹೋದವು. ಗಾಳಿ ಊದುವ ತಿದಿ, ಬೆಳಕು ತಡೆಯುವ ತಿದಿ ಎರಡಕ್ಕೂ ಒಂದೇ ಮಡಿಕೆ. ರಿಪೇರಿ ಮಾಡಬಲ್ಲವನಿಗೆ ಬಿಚ್ಚುವ ಅಧಿಕಾರ ಒಂದಿಷ್ಟು ಹೆಚ್ಚೇ ಇದೆ ಎನಿಸುವುದು ಇಂಥಲ್ಲಿ. ಬಿಚ್ಚಿದ್ದನ್ನು ಆತ ಮರಳಿ ಕೂಡಿಸಬಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಸಂಗ ಇನ್ನೊಂದು. ಇಂಡಿಯ ಗುಜರಿಯೊಂದರಲ್ಲಿ ನನಗೊಂದು ಆಗ್ಫಾ ಕ್ಲಿಕ್ 3 ಸಿಕ್ಕಿತು. ಒಂದು ಕಾಲಕ್ಕೆ ಮಧ್ಯಮವರ್ಗದ ಮನೆಗಳ ಮೊದಲ ಕ್ಯಾಮೆರಾ, ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಶಟರ್ ಕೆಟ್ಟಿತ್ತು, ಅಂದರೆ ನಿಯಮದ ಪ್ರಕಾರ ಬಿಚ್ಚಲು ಅಡ್ಡಿಯಿಲ್ಲ. ಆದರೆ ಹಿಂಬದಿಯ ಕೆಂಪು ಕಿಂಡಿಯಲ್ಲಿ 7 ಎಂಬ ಅಂಕಿ ಕಾಣುತ್ತಿತ್ತು. ಒಳಗೆ ಫಿಲ್ಮ್ ಇದೆ. ಆರು ಚಿತ್ರ ತೆಗೆದಾಗಿದೆ, ಏಳನೆಯದನ್ನು ತೆಗೆದರೋ ಇಲ್ಲವೋ ತಿಳಿಯದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಅಡಗಿದ ಬಿಂಬ ಮಬ್ಬಾದರೂ ದಶಕಗಳ ಕಾಲ ಉಳಿಯಬಲ್ಲದು. ತೊಳೆಯುವುದೇ, ಬಿಡುವುದೇ?

ಶಿಕಾಗೊದಲ್ಲಿ 2007ರಲ್ಲಿ ಬಾಡಿಗೆ ಕಟ್ಟದ ಗೋದಾಮಿನ ಸಾಮಾನು ಹರಾಜಾದಾಗ ವಿವಿಯನ್ ಮಾಯರ್ ಎಂಬ ದಾದಿಯ ನೆಗೆಟಿವ್‌ಗಳು, ತೊಳೆಯದ ರೋಲ್‌ಗಳು ಯಾರ್‍ಯಾರದೋ ಕೈಸೇರಿದವು. 2009ರಲ್ಲಿ ಆಕೆ ತೀರಿಕೊಂಡಳು. ಆಮೇಲೆ ಜಗತ್ತು ಆಕೆಯನ್ನು ದೊಡ್ಡ ಛಾಯಾಗ್ರಾಹಕಿ ಎಂದಿತು. ಆಕೆ ತೋರಿಸಲು ಬಯಸಿದ್ದಳೇ ಎಂದು ಕೇಳುವ ಹೊತ್ತಿಗೆ ಉತ್ತರಿಸುವವರು ಇರಲಿಲ್ಲ. ತೊಳೆದದ್ದು ತಪ್ಪೆಂದು ನಾನು ಹೇಳಲಾರೆ. ತೊಳೆಯದಿದ್ದರೆ ಆ ಬಿಂಬಗಳು ಸಾಯುತ್ತಿದ್ದವು. ಆದರೆ ಕಾಪಾಡುವುದು ಒಂದು ಕ್ರಿಯೆ, ತನ್ನದಾಗಿಸಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಮಾಡಿದ ಮಾತ್ರಕ್ಕೆ ಎರಡನೆಯದರ ಹಕ್ಕು ಬರುವುದಿಲ್ಲ.

ಬಸವಣ್ಣ ಹುಟ್ಟಿದ ಈ ಸೀಮೆಯಲ್ಲಿ ಕಾಯಕದ ಮಾತು ಎಲ್ಲರ ಬಾಯಲ್ಲೂ ಇದೆ. ಅದರ ಜೋಡಿಯಾದ ದಾಸೋಹ ಬೇಗ ಮರೆಯುತ್ತದೆ. ದುಡಿದು ಪಡೆದದ್ದೂ ಪೂರ್ತಿ ತನ್ನದಲ್ಲ ಎಂಬ ಆ ವಿಚಾರಕ್ಕೆ ಗುಜರಿಯಿಂದ ಕಟ್ಟುವವನು ಎಲ್ಲರಿಗಿಂತ ಹೆಚ್ಚು ಬಾಧ್ಯ. ಕಟ್ಟುವ ಶ್ರಮ ಅವನದು, ನಿಜ. ಆದರೆ ಮಸೂರದಿಂದ ತಿರುಪಿನವರೆಗೆ ಎಲ್ಲವೂ ಇನ್ನೊಬ್ಬರ ಬಾಳಿನಲ್ಲಿ ದುಡಿದು ಬಂದವು. ಆ ಸಾಲವನ್ನು ಹಲಗೆಗೋ ಗಾಜಿಗೋ ತೀರಿಸಲಾಗದು, ಮನುಷ್ಯರಿಗೆ ತೀರಿಸಬೇಕು. ಚಾಳೀಸು ಕೊಟ್ಟ ಮನೆಯವರಿಗೆ ಆ ಗಾಜಿನಿಂದಲೇ ತೆಗೆದ ಅವರ ಪಟವೊಂದು ತಲುಪಬೇಕು.

ಆ ರೋಲನ್ನು ತೊಳೆಯುವುದೆಂದು ನಿರ್ಧರಿಸಿದ್ದೇನೆ. ಮುಖಗಳು ಮೂಡಿದರೆ ಎಲ್ಲಿಯೂ ಪ್ರಕಟಿಸುವುದಿಲ್ಲ. ಪ್ರಿಂಟ್ ಹಾಕಿಸಿಕೊಂಡು, ಗುಜರಿಯವರು ಯಾವ ಊರಿನಿಂದ ಆ ಮೂಟೆ ತಂದರೆಂದು ಕೇಳುತ್ತ ಹೋಗುವುದು. ಉಳಿದ ಐದು ಚೌಕಗಳು ಖಾಲಿಯಾಗಿಯೇ ಇರಲಿ. ಅವುಗಳಲ್ಲಿ ಏನಿರಬೇಕಿತ್ತು ಎಂಬುದು ಆ ಕ್ಯಾಮೆರಾ ಹಿಡಿದಿದ್ದವರಿಗೆ ಬಿಟ್ಟದ್ದು.