ಸಲ್ಲೇಖನವೂ ಸಮಾಜಶಾಸ್ತ್ರವೂ

ಸಮಾಜಶಾಸ್ತ್ರವೆಂಬ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ಆಗಸ್ಟ್ ಕಾಂಟ್. ಆ ಶಾಸ್ತ್ರಕ್ಕೆ ಕಟ್ಟುನಿಟ್ಟಾದ ವಿಧಾನವನ್ನು ಒದಗಿಸಿದವರಲ್ಲಿ ಅದೇ ದೇಶದ ಎಮಿಲ್ ಡರ್ಖೈಮನು (1858–1917) ಅಗ್ರಗಣ್ಯನು. ಆತ್ಮಹತ್ಯೆಯನ್ನು ಕುರಿತು 1897ರಲ್ಲಿ ಅವನು ಪ್ರಕಟಿಸಿದ ಗ್ರಂಥವನ್ನು ಇಂದಿಗೂ ಆ ಶಾಸ್ತ್ರದ ವಿದ್ಯಾರ್ಥಿಗಳು ತಪ್ಪದೆ ಓದುತ್ತಾರೆ. ಅದರಲ್ಲಿ ಒಂದೆಡೆ ಜೈನರ ಪ್ರಸ್ತಾಪವಿದೆ. ದಕ್ಷಿಣದ ಜೈನರು ಆಹಾರವನ್ನು ತೊರೆದು ದೇಹ ಬಿಡುತ್ತಿದ್ದುದಕ್ಕೆ ಅವರ ಪುಣ್ಯಕ್ಷೇತ್ರಗಳ ಶಾಸನಗಳೇ ಸಾಕ್ಷಿಯೆಂದು ಹೇಳಿ, ಅದನ್ನು ಅವನು ಧಾರ್ಮಿಕ ಆತ್ಮಹತ್ಯೆಗಳ ಸಾಲಿನಲ್ಲಿ ಎಣಿಸಿದ್ದಾನೆ. ಬಾರ್ತ್ ಎಂಬ ವಿದ್ವಾಂಸನ ಪುಸ್ತಕದಿಂದ ಅವನು ಪಡೆದ ಸಂಗತಿಯಿದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳನ್ನು ಕಂಡವರಿಗೆ ಇಂಥ ಶಾಸನಗಳು ಅಪರಿಚಿತವಲ್ಲ.

ಇಲ್ಲಿ ದ್ವೇಷವನ್ನಾಗಲಿ ಅವಹೇಳನವನ್ನಾಗಲಿ ಹುಡುಕುವುದು ಸಲ್ಲದು. ಡರ್ಖೈಮನ ವಿಧಾನವೇ ಅವನನ್ನು ಈ ನಿರ್ಣಯಕ್ಕೆ ಒಯ್ದಿತು. ಸಾಮಾಜಿಕ ಸಂಗತಿಗಳನ್ನು ಹೊರಗಿನ ವಸ್ತುಗಳಂತೆ ಪರೀಕ್ಷಿಸಬೇಕೆಂದು 1895ರಲ್ಲಿಯೇ ಅವನು ಸಾರಿದ್ದನು. ಮನುಷ್ಯನ ಉದ್ದೇಶವು ಹೊರಗಿನವರಿಗೆ ಕಾಣುವಂಥದಲ್ಲ. ಎಷ್ಟೋ ವೇಳೆ ಅವನಿಗೇ ಸ್ಪಷ್ಟವಾಗಿರುವುದಿಲ್ಲ. ಆದಕಾರಣ ಉದ್ದೇಶವನ್ನು ಬದಿಗಿರಿಸಿ, ಮರಣವೇ ಫಲವೆಂದು ಅರಿತು ತಾನೇ ಮಾಡಿದ್ದರಿಂದಾಗಲಿ ಮಾಡದೆ ಬಿಟ್ಟದ್ದರಿಂದಾಗಲಿ ಒದಗುವ ಸಾವೆಲ್ಲವೂ ಆತ್ಮಹತ್ಯೆಯೇ ಎಂದು ಅವನು ಲಕ್ಷಣ ಹೇಳಿದನು. ತನ್ನ ದಳವನ್ನು ಉಳಿಸಲು ಸಾವಿಗೆ ಎದುರಾಗುವ ಯೋಧನೂ ಮಗುವಿಗಾಗಿ ಪ್ರಾಣ ಕೊಡುವ ತಾಯಿಯೂ ಈ ಲಕ್ಷಣದೊಳಗೆ ಬರುತ್ತಾರೆಂಬುದನ್ನು ಅವನೇ ಒಪ್ಪಿದ್ದಾನೆ. ತರ್ಕಶಾಸ್ತ್ರವು ಅತಿವ್ಯಾಪ್ತಿದೋಷವೆಂದು ಕರೆಯುವುದು ಇದನ್ನೇ ಅಲ್ಲವೇ?

ಜೈನಾಚಾರ್ಯರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿದ್ದರು. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ಟೀಕೆಯನ್ನು ರಚಿಸಿದ ಪೂಜ್ಯಪಾದಾಚಾರ್ಯರು, ಇದು ಆತ್ಮವಧೆಯಾಗದೇ ಎಂಬ ಆಕ್ಷೇಪವನ್ನು ತಾವೇ ಎತ್ತಿ ಸಮಾಧಾನ ಹೇಳಿದ್ದಾರೆ. ರಾಗ, ದ್ವೇಷ, ಮೋಹಗಳಿಗೆ ವಶನಾಗಿ ವಿಷಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವವನಿಗೆ ಆತ್ಮಘಾತದ ದೋಷವುಂಟು. ಸಲ್ಲೇಖನವನ್ನು ಕೈಗೊಂಡವನಲ್ಲಿ ಆ ರಾಗಾದಿಗಳೇ ಇಲ್ಲವಾದ್ದರಿಂದ ಆ ದೋಷವೂ ಇಲ್ಲ. ಅಷ್ಟೇ ಅಲ್ಲ, ಸಲ್ಲೇಖನದ ಐದು ಅತಿಚಾರಗಳಲ್ಲಿ ಮರಣಾಶಂಸೆಯೂ ಒಂದು. ಸಾವು ಬೇಗ ಬರಲೆಂದು ಹಾರೈಸಿದರೆ ವ್ರತವೇ ಕಳಂಕಿತವಾಗುತ್ತದೆ. ಡರ್ಖೈಮನು ಲೆಕ್ಕದಿಂದ ಹೊರಗಿಟ್ಟ ಭಾವವೇ ಇಲ್ಲಿ ಲೆಕ್ಕದ ಮೊದಲ ಬಾಬು.

ಪಶ್ಚಿಮದಲ್ಲಿಯೂ ಈ ಕೊರತೆಯನ್ನು ತುಂಬುವ ಮಾರ್ಗವೊಂದು ತೆರೆಯಿತು. ಜರ್ಮನಿಯ ಮ್ಯಾಕ್ಸ್ ವೇಬರನು (1864–1920) ಕರ್ತೃವು ತನ್ನ ಕ್ರಿಯೆಗೆ ಕೊಡುವ ಅರ್ಥವನ್ನು ಗ್ರಹಿಸದೆ ಸಮಾಜಶಾಸ್ತ್ರವೇ ಇಲ್ಲವೆಂದನು. ಅವನ ದೃಷ್ಟಿಯಲ್ಲಿ, ಒಂದು ಮೌಲ್ಯದಲ್ಲಿ ನಿಷ್ಠೆಯಿಟ್ಟು ಮಾಡಿದ್ದು ಬೇರೆ, ರೂಢಿಯಿಂದ ಮಾಡಿದ್ದು ಬೇರೆ, ಭಾವಾವೇಶದಿಂದ ಮಾಡಿದ್ದು ಬೇರೆ. ಹೊರಗೆ ಒಂದೇ ತೆರನಾಗಿ ಕಾಣುವ ಉಪವಾಸಗಳು ಒಳಗೆ ಒಂದೇ ಆಗಿರಬೇಕಿಲ್ಲ. ಈ ವಾದವು ಪುಸ್ತಕಗಳಲ್ಲಿಯೇ ಉಳಿಯಲಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಯೆಂದೇ ಬಗೆದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಹೀಗೆಂದ ಮಾತ್ರಕ್ಕೆ ಡರ್ಖೈಮನನ್ನು ತಳ್ಳಿಹಾಕಿ ನಿಶ್ಚಿಂತರಾಗಿರುವುದು ಸರಿಯಲ್ಲ. ತಪಸ್ಸಿನ ಅಂಶವಿಲ್ಲದ ಧರ್ಮವಿಲ್ಲ, ತ್ಯಾಗವಿಲ್ಲದೆ ಸಮಾಜವೂ ನಿಲ್ಲದು ಎಂದು 1912ರ ಗ್ರಂಥದಲ್ಲಿ ಬರೆದವನೂ ಅವನೇ. 1897ರಲ್ಲಿ ಅವನು ಸಲ್ಲೇಖನವನ್ನು ಇರಿಸಿದ ವರ್ಗದ ತಿರುಳು ಬೇರೊಂದು: ಸಮೂಹದಲ್ಲಿ ಪೂರ್ತಿ ಕರಗಿಹೋದ ವ್ಯಕ್ತಿಗೆ ತನ್ನ ಜೀವವು ತನ್ನದೆಂದೇ ತೋರುವುದಿಲ್ಲ. ಗಂಡನ ಚಿತೆಯೇರಿದ ವಿಧವೆಯರನ್ನು ಅವನು ಅದೇ ವರ್ಗದಲ್ಲಿ ಹೆಸರಿಸಿದ್ದಾನೆ. ಸಲ್ಲೇಖನದ ಸಂಕಲ್ಪ ಪ್ರಕಟವಾದೊಡನೆ ಮನೆ ತುಂಬ ಜನ, ಸ್ತೋತ್ರಪಾಠ, ಜಯಘೋಷ. ಹಾಸಿಗೆಯಲ್ಲಿರುವ ವೃದ್ಧರಿಗೆ ಮೂರನೆಯ ದಿನ ಮನಸ್ಸು ಹಿಂದೆಗೆದರೆ ಅದನ್ನು ಬಾಯಿಬಿಟ್ಟು ಹೇಳಲು ಎಡೆಯಿದೆಯೇ? ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರವೆಂದು ಸಮಂತಭದ್ರಾಚಾರ್ಯರು ಕಟ್ಟು ಹಾಕಿದ್ದಾರೆ. ಆಹಾರವನ್ನು ಒಮ್ಮೆಗೇ ಬಿಡದೆ ಕ್ರಮಕ್ರಮವಾಗಿ ಬಿಡಬೇಕೆಂದೂ ವಿಧಿಸಿದ್ದಾರೆ. ಆ ಕ್ರಮವು ಭಾವವನ್ನು ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳಲು ಕಾಲಾವಕಾಶ ಕೊಡುತ್ತದೆ. ಆದರೆ ಆ ಪರೀಕ್ಷೆಯ ಹೊತ್ತಿನಲ್ಲಿ ನಿರ್ಯಾಪಕಾಚಾರ್ಯರ ಹೊರತು ಮತ್ತಾರು ಆ ಕೋಣೆಯಲ್ಲಿ ಇರುತ್ತಾರೆಂಬುದು ಅಲಕ್ಷಿಸುವ ಸಂಗತಿಯಲ್ಲ.