ತಾಳುಬೆಟ್ಟ ಹತ್ತುವವರ ಪರವಾಗಿ ಒಂದು ನಿವೇದನೆ

ಏಳುಮಲೆಯ ಒಡೆಯನೇ, ಮಾದಪ್ಪಾ, ಶಿವರಾತ್ರಿಗೆಂದು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಿಂದ ಬರಿಗಾಲಲ್ಲಿ ನಡೆದು ಬರುವ ಪರಸೆಯವರು ತಾಳುಬೆಟ್ಟದ ಬುಡದಲ್ಲಿ ಗಳಿಗೆ ಹೊತ್ತು ಕೂತು ದಣಿವಾರಿಸಿಕೊಳ್ಳುತ್ತಾರೆ. ಆ ಹೊತ್ತು ಅವರ ಕಾಲಿನ ಸ್ನಾಯುಗಳೊಳಗೆ ನಡೆಯುವುದನ್ನು ನಿನ್ನ ಮುಂದಿಡುತ್ತೇನೆ. ನಿನಗೆ ಗೊತ್ತಿಲ್ಲದ್ದೇನಲ್ಲ ತಂದೆ, ನಮಗೂ ಒಂದಿಷ್ಟು ಗೊತ್ತಾಯಿತಲ್ಲ ಎಂಬ ಸಂತೋಷ.

ಉಂಡ ಮುದ್ದೆಯ ಸಾರದಿಂದ ಹೈಡ್ರೋಜನ್ ಬಿಡಿಸಿಕೊಂಡು ಶಕ್ತಿಗೆ ದಾರಿ ಮಾಡಿಕೊಡುವ ಕಿಣ್ವಗಳು ಡಿಹೈಡ್ರೋಜಿನೇಸ್‌ಗಳು. ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಅಂಥದ್ದೊಂದು. ಮೈ ವಿಶ್ರಮಿಸುವಾಗ ಎಟಿಪಿ ಎಂಬ ನ್ಯೂಕ್ಲಿಯೊಟೈಡ್ ಖರ್ಚಾಗದೆ ಉಳಿಯುತ್ತದೆ, ಬಿಡಿಸಿದ ಹೈಡ್ರೋಜನ್ ಹೊತ್ತ ಎನ್‌ಎಡಿಎಚ್ ಕೂಡ ಹೆಚ್ಚುತ್ತದೆ. ಇವೆರಡೂ ಆ ಕಿಣ್ವವನ್ನು ಹಿಡಿದು ಅದರ ಓಟ ತಗ್ಗಿಸುತ್ತವೆ. ಪರಸೆ ಎದ್ದು ‘ಉಘೇ’ ಎನ್ನುತ್ತ ಬೆಟ್ಟ ಹತ್ತತೊಡಗಿತೋ, ಎಟಿಪಿ ಒಡೆದು ಎಡಿಪಿ ಆಗುತ್ತದೆ. ಆ ಎಡಿಪಿಯೇ ಕಿಣ್ವವನ್ನು ಮತ್ತೆ ಚುರುಕು ಮಾಡುತ್ತದೆ. ಅನ್ನ ಹಾಳಾಗಬಾರದೆಂದು ತಡೆ, ಹೆಜ್ಜೆ ನಿಲ್ಲಬಾರದೆಂದು ಬಿಡುಗಡೆ. ಇದಕ್ಕಾಗಿ ನಿನಗೆ ಕೈ ಮುಗಿಯುತ್ತೇನೆ.

ಇನ್ನೊಂದು ಕಿಣ್ವ ಸಕ್ಸಿನೇಟ್ ಡಿಹೈಡ್ರೋಜಿನೇಸ್. ಸಕ್ಸಿನೇಟ್‌ನಲ್ಲಿ ನಾಲ್ಕು ಇಂಗಾಲ. ಅದರ ನಡುವಿನ ಎರಡು ಇಂಗಾಲಗಳಿಂದ ಒಂದೊಂದು ಹೈಡ್ರೋಜನ್ ಕೀಳುವುದು ಕಿಣ್ವದ ಕೆಲಸ. ಸಕ್ಸಿನೇಟನ್ನು ಹೋಲುವ ಮ್ಯಾಲೊನೇಟ್ ಎಂಬುದರಲ್ಲಿ ಇಂಗಾಲ ಮೂರೇ. ಎರಡು ತುದಿಗಳೂ ಥೇಟ್ ಸಕ್ಸಿನೇಟ್‌ನಂತೆಯೇ ಇರುವುದರಿಂದ ಕಿಣ್ವ ಅದನ್ನು ನಂಬಿ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ನಡುವೆ ಇರುವುದು ಒಂದೇ ಇಂಗಾಲ, ಜೋಡಿಯಾಗಿ ಕೀಳಲು ಅಲ್ಲಿ ಏನೂ ಇಲ್ಲ. ಕೆಲಸ ನಿಂತುಹೋಗುತ್ತದೆ. 1920ರ ದಶಕದಲ್ಲಿ ಕೇಂಬ್ರಿಜ್‌ನ ಜೂಡಾ ಕ್ವಾಸ್ಟೆಲ್ ಇದನ್ನು ಕಂಡುಕೊಂಡರು. ಸಕ್ಸಿನೇಟ್ ಹೆಚ್ಚು ಸುರಿದರೆ ಮ್ಯಾಲೊನೇಟ್ ಜಾಗ ಬಿಟ್ಟು ಹೋಗುತ್ತದೆ ಎಂಬುದೇ ನನಗೆ ಅದರಲ್ಲಿ ದೊಡ್ಡ ಸಂಗತಿ. ಉಪ್ಪು ಒಡ್ಡುವ ತಡೆಯ ಬಗೆ ಬೇರೆ, ಆದರೆ ಅದೂ ಹೆಚ್ಚುಕಡಿಮೆ ಹೀಗೆ ಬಂದು ಹೋಗುವಂಥದ್ದೇ. ಲವಣದ ಅಯಾನುಗಳು ಕಿಣ್ವದ ವಿದ್ಯುದಾವೇಶಗಳನ್ನು ಸುತ್ತುವರಿದು ಮಸುಕಾಗಿಸುತ್ತವೆ, ದ್ರಾವಣ ತೆಳುವಾದರೆ ಆ ಹಿಡಿತವೂ ಬಹುಮಟ್ಟಿಗೆ ಸಡಿಲುತ್ತದೆ.

ತಂದೆ, ಈಗ ನೋವಿನ ಮಾತು. 2018ರ ಡಿಸೆಂಬರ್ 14. ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆ. ಪ್ರಸಾದವೆಂದು ಹಂಚಿದ ರೈಸ್‌ಬಾತ್‌ಗೆ ಕೀಟನಾಶಕ ಬೆರೆತಿತ್ತು, ಬೆರೆಸಿದ್ದು ಮನುಷ್ಯರ ಕೈ. ಕಣ್ಣಿಗೊತ್ತಿಕೊಂಡು ತಿಂದವರಲ್ಲಿ 17 ಮಂದಿ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆ ಕೀಟನಾಶಕ ಮೊನೊಕ್ರೊಟೊಫಾಸ್.

ಆ ವಿಷ ಹಿಡಿಯುವುದು ಡಿಹೈಡ್ರೋಜಿನೇಸನ್ನಲ್ಲ, ನರಗಳ ಸಂದೇಶ ಮುಗಿದೊಡನೆ ಆ ಸಂದೇಶ ಹೊತ್ತ ಅಸಿಟೈಲ್‌ಕೋಲಿನ್ನನ್ನು ಒಡೆದು ಅಳಿಸುವ ಅಸಿಟೈಲ್‌ಕೋಲಿನೆಸ್ಟರೇಸನ್ನು. ಅಸಿಟೈಲ್‌ಕೋಲಿನ್ ಬಂದು ಕೂರುವ ಜಾಗಕ್ಕೇ ಇದೂ ಬರುತ್ತದೆ. ಬಂದದ್ದು ಏಳುವುದಿಲ್ಲ. ತನ್ನ ರಂಜಕದ ತುಣುಕನ್ನು ಕಿಣ್ವದ ಸೆರೀನ್ ಎಂಬ ಭಾಗಕ್ಕೆ ಬೆಸೆದುಬಿಡುತ್ತದೆ. ಅಳಿಯದ ಅಸಿಟೈಲ್‌ಕೋಲಿನ್ ಉಬ್ಬರಿಸುತ್ತದೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ವಾಂತಿ, ಸೂಜಿಮೊನೆಯಷ್ಟು ಕುಗ್ಗಿದ ಕಣ್ಣಿನ ಪಾಪೆ, ಕೊನೆಗೆ ಉಸಿರಿಗೇ ಕುತ್ತು. ಅಟ್ರೊಪಿನ್ ಆ ಉಬ್ಬರದ ಪರಿಣಾಮವನ್ನು ತಗ್ಗಿಸುತ್ತದೆ, ಪ್ರಾಲಿಡಾಕ್ಸೈಮ್ ಬೆಸುಗೆ ಬಿಡಿಸಬಲ್ಲದು. ಆದರೆ ಹೊತ್ತು ಕಳೆದಂತೆ ಬೆಸುಗೆ ಗಟ್ಟಿಯಾಗುತ್ತದೆ, ಆಮೇಲೆ ಆ ಔಷಧವೂ ಸೋಲುತ್ತದೆ.

ಮಾದಪ್ಪಾ, ಜೀವ ನಡೆಸಲು ನೀನು ಇಟ್ಟ ತಡೆಗಳು ಹೆಚ್ಚಾಗಿ ಬಂದು ಹೋಗುವಂಥವು. ಬಂದು ಹೋಗದ್ದನ್ನು ಡಬ್ಬಿಯಲ್ಲಿ ತುಂಬಿ ಮನೆಗೆ ತಂದವರು ನಾವು. ಸುಳ್ವಾಡಿಯ ಮನೆಗಳ ದುಃಖವನ್ನು ನೀನೇ ನೋಡಿಕೊ. ಅನ್ನಕ್ಕೆ ವಿಷ ಹಾಕುವ ಮನಸ್ಸು ಈ ಸೀಮೆಯಲ್ಲಿ ಇನ್ನೊಮ್ಮೆ ಹುಟ್ಟದಿರಲಿ. ರಾತ್ರಿಯೆಲ್ಲ ಕೂತು ಅಟ್ರೊಪಿನ್ ಏರಿಸುವ ದಾದಿಯರ, ವೈದ್ಯರ ಕೈಗೆ ಬಲ ಕೊಡು.

2023ರಲ್ಲಿ ಕೇಂದ್ರ ಸರ್ಕಾರ ಮೊನೊಕ್ರೊಟೊಫಾಸ್‌ನ ಶೇ 36ರ ದ್ರಾವಣವನ್ನು ನಿಷೇಧಿಸಿತು. ಹಳೆಯ ಡಬ್ಬಿ ಅಟ್ಟದ ಮೇಲೋ ಮಂಚದ ಕೆಳಗೋ ಇನ್ನೂ ಇದ್ದೀತು. ಓದುವ ಅಣ್ಣಂದಿರೇ, ಅಕ್ಕಂದಿರೇ, ಕಡುವಿಷದ ಗುರುತಾದ ಕೆಂಪು ತ್ರಿಕೋನವಿರುವ ಯಾವ ಡಬ್ಬಿಯನ್ನೂ ಅಡುಗೆಮನೆಗೆ ಸೇರಿಸಬೇಡಿ, ಖಾಲಿಯಾದದ್ದರಲ್ಲಿ ನೀರು, ಎಣ್ಣೆ ತುಂಬಬೇಡಿ. ಔಷಧಿ ಹೊಡೆದು ಬಂದವರಿಗೆ ಜೊಲ್ಲು ಸುರಿದು ವಾಂತಿಯಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸಿ.